ದೈವಕರೆ ಮತ್ತು ನಿಷ್ಠೆ (ಕ್ರೈಸ್ತಧರ್ಮ)

ದೈವಕರೆ ಎಂಬುದು ಕ್ರೈಸ್ತಧರ್ಮದ ಮೂಲ ಪರಿಕಲ್ಪನೆಗಳಲ್ಲಿ ಒಂದು. ದೇವರು ಮನುಷ್ಯನನ್ನು ಹೆಸರು ಹಿಡಿದು ಕರೆಯುತ್ತಾನೆ, ಆ ಕರೆಗೆ ಓಗೊಡುವುದರಿಂದ ವಿಶ್ವಾಸಿಯ ಬಾಳು ಆರಂಭವಾಗುತ್ತದೆ, ಕಷ್ಟನಷ್ಟಗಳ ನಡುವೆಯೂ ಅದಕ್ಕೆ ಬದ್ಧನಾಗಿ ಉಳಿಯುವುದರಿಂದ ಆ ಬಾಳು ಸಾರ್ಥಕವಾಗುತ್ತದೆ ಎಂಬುದು ಇದರ ತಿರುಳು. ಕೆಲವರು ಈ ಕರೆಯನ್ನು ಪಾದ್ರಿ, ಸನ್ಯಾಸಿನಿ, ಬೋಧಕ ಮೊದಲಾದವರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವುದುಂಟು. ಆದರೆ ಸಭೆಯ ಬೋಧನೆಯ ಪ್ರಕಾರ ಒಕ್ಕಲಿಗ, ನೇಕಾರ, ಶಿಕ್ಷಕಿ, ಗೃಹಿಣಿ ಎಲ್ಲರೂ ಕರೆಹೊಂದಿದವರೇ. ಕರ್ನಾಟಕದಲ್ಲಿ, ಅದರಲ್ಲೂ ಧಾರವಾಡ ಮತ್ತು ಬೆಳಗಾವಿ ಸೀಮೆಯಲ್ಲಿ, ಈ ನಿಷ್ಠೆಗೆ ಎರಡು ಶತಮಾನಗಳ ಇತಿಹಾಸವಿದೆ. ಇಲ್ಲಿ ಅದು ಎದುರಿಸಿದ ಕಠಿಣ ಪ್ರಶ್ನೆ ಒಂದೇ: ಕರೆದ ದೇವರನ್ನೂ ಬಿಡದೆ, ಹುಟ್ಟಿದ ನಾಡುನುಡಿಯನ್ನೂ ತೊರೆಯದೆ ಬಾಳುವುದು ಹೇಗೆ?

ಪದದ ಅರ್ಥ

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್‌ನಲ್ಲಿ ಕರೆಗೆ 'ಕ್ಲೇಸಿಸ್' ಎಂಬ ಪದವಿದೆ. ಸಭೆ ಎಂಬ ಅರ್ಥದ 'ಎಕ್ಲೇಸಿಯ' ಎಂಬ ಪದವೂ ಕರೆ ಎಂಬ ಇದೇ ಮೂಲದಿಂದ ಬಂದಿದ್ದು, 'ಹೊರಗೆ ಕರೆಯಲ್ಪಟ್ಟವರು' ಎಂಬ ಭಾವವನ್ನು ಒಳಗೊಂಡಿದೆ. ಲ್ಯಾಟಿನ್ ಭಾಷೆಯಲ್ಲಿ ಇದು 'ವೊಕಾಸಿಯೊ' ಆಯಿತು. ಕನ್ನಡದಲ್ಲಿ ಕಥೋಲಿಕರು ಹೆಚ್ಚಾಗಿ 'ದೈವಕರೆ' ಎಂಬ ಮಾತನ್ನೂ, ಪ್ರಾಟೆಸ್ಟಂಟರು 'ಕರೆ', 'ಕರೆಯುವಿಕೆ' ಎಂಬ ಮಾತುಗಳನ್ನೂ ಬಳಸುತ್ತಾರೆ. ನಿಷ್ಠೆಗೆ ಗ್ರೀಕ್‌ನಲ್ಲಿ ಬಳಕೆಯಾಗುವ 'ಪಿಸ್ಟಿಸ್' ಎಂಬ ಪದಕ್ಕೆ ನಂಬಿಕೆ ಮತ್ತು ನಂಬಿಗಸ್ತಿಕೆ ಎಂಬ ಎರಡೂ ಅರ್ಥಗಳಿವೆ. ನಂಬುವುದು ಮತ್ತು ನಂಬಿಕೆಗೆ ತಕ್ಕವನಾಗಿ ನಡೆಯುವುದು ಬೇರೆ ಬೇರೆ ಅಲ್ಲ ಎಂಬ ಅರಿವು ಈ ಪದದಲ್ಲಿಯೇ ಅಡಗಿದೆ.

ಬೈಬಲ್ಲಿನ ಹಿನ್ನೆಲೆ

ಬೈಬಲ್ಲಿನಲ್ಲಿ ಕರೆಹೊಂದಿದವರ ಕಥೆಗಳು ಬಹುಮಟ್ಟಿಗೆ ಹಿಂಜರಿಕೆಯಿಂದಲೇ ಆರಂಭವಾಗುತ್ತವೆ. ಮೋಶೆ ತನಗೆ ಮಾತು ಬಾರದೆಂದು ನೆಪ ಹೇಳುತ್ತಾನೆ. ಯೆರೆಮೀಯ ತಾನಿನ್ನೂ ಚಿಕ್ಕವನೆಂದು ತಪ್ಪಿಸಿಕೊಳ್ಳಲು ನೋಡುತ್ತಾನೆ. ಮುಂದೆ ಜನರ ನಿಂದೆ, ಸೆರೆವಾಸಗಳಿಂದ ಬೇಸತ್ತು ದೇವರೊಡನೆಯೇ ಜಗಳಕ್ಕೆ ನಿಲ್ಲುತ್ತಾನೆ. ಆದರೂ ಸಾರುವುದನ್ನು ನಿಲ್ಲಿಸಲು ತನ್ನಿಂದಾಗದು ಎಂದು ಒಪ್ಪಿಕೊಳ್ಳುತ್ತಾನೆ. ಇದರಿಂದ ತಿಳಿಯುವುದೇನೆಂದರೆ, ಬೈಬಲ್ಲಿನ ದೃಷ್ಟಿಯಲ್ಲಿ ನಿಷ್ಠೆ ಎಂದರೆ ಸಂದೇಹವಾಗಲಿ ದುಃಖವಾಗಲಿ ಇಲ್ಲದಿರುವುದಲ್ಲ. ಅವುಗಳನ್ನು ದೇವರ ಮುಂದೆಯೇ ತೋಡಿಕೊಂಡು ಹಿಡಿದ ದಾರಿಯಲ್ಲಿ ಮುಂದುವರಿಯುವುದು.

ಯೇಸು ಕ್ರಿಸ್ತನು ತನ್ನ ಹಿಂಬಾಲಕರಿಗೆ ಈ ಮಾತನ್ನು ಹೊಲಮನೆಯ ಹೋಲಿಕೆಗಳಲ್ಲಿ ತಿಳಿಸಿದನು. ನೇಗಿಲ ಮೇಣಿ ಹಿಡಿದವನು ಹಿಂದಕ್ಕೆ ನೋಡಬಾರದೆಂಬ ಬೋಧನೆ ಲೂಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಬೇಸಾಯದ ನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಕ್ಕೆ ತಿರುಗಿದವನ ಸಾಲು ಸೊಟ್ಟಗಾಗುತ್ತದೆ. ಬಿತ್ತುವವನ ಸಾಮ್ಯದಲ್ಲಿ ಕಲ್ಲುನೆಲದ ಮೇಲೆ ಬಿದ್ದ ಬೀಜ ಬೇಗ ಮೊಳೆತು, ಬೇರಿಲ್ಲದ ಕಾರಣ ಬಿಸಿಲಿಗೆ ಬಾಡುತ್ತದೆ. ಕಷ್ಟ ಬಂದೊಡನೆ ವಿಶ್ವಾಸ ಬಿಡುವವರನ್ನು ಅದು ಸೂಚಿಸುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ವೆಚ್ಚವನ್ನು ಲೆಕ್ಕ ಹಾಕಬೇಕೆಂಬ ಬೋಧನೆಯೂ ಇದೆ.

ಬಿದ್ದವರ ಕಥೆಯೂ ಇದರೊಡನೆ ಸೇರಿದೆ. ಪೇತ್ರನು ಮೂರು ಸಲ ತನ್ನ ಗುರುವನ್ನು ಅರಿಯೆನೆಂದನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಅದೇ ಪೇತ್ರನಿಗೆ ಮೂರು ಸಲ ಪ್ರಶ್ನೆ ಕೇಳಿ, ಮತ್ತೆ ಮಂದೆಯನ್ನು ಮೇಯಿಸುವ ಹೊಣೆಯನ್ನು ಒಪ್ಪಿಸಲಾಗುತ್ತದೆ. ಆದುದರಿಂದ ಕ್ರೈಸ್ತ ಚಿಂತನೆಯಲ್ಲಿ ನಿಷ್ಠೆ ಎಂಬುದು ಎಡವದೆ ನಡೆಯುವುದಷ್ಟೇ ಅಲ್ಲ, ಎಡವಿದ ಮೇಲೂ ಮರಳಿ ಬರುವುದನ್ನು ಒಳಗೊಂಡಿದೆ. ಕೊರಿಂಥದಲ್ಲಿ ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡ ಪೌಲನು ಕರೆ ಮತ್ತು ಕಸುಬು ಒಂದೆಡೆ ಸೇರುವುದಕ್ಕೆ ಹಳೆಯ ನಿದರ್ಶನ.

ಸಭೆಯ ಇತಿಹಾಸದಲ್ಲಿ

ಮೊದಲ ಮೂರು ಶತಮಾನಗಳಲ್ಲಿ ರೋಮ್ ಸಾಮ್ರಾಜ್ಯದ ಹಿಂಸೆಗೆ ಸಿಲುಕಿದವರಿಗೆ ಕರೆಗೆ ನಿಷ್ಠೆ ಎಂದರೆ ಅನೇಕ ವೇಳೆ ಪ್ರಾಣತ್ಯಾಗವೇ ಆಗಿತ್ತು. ಮಧ್ಯಯುಗದ ಯೂರೋಪಿನಲ್ಲಿ ದೈವಕರೆ ಎಂಬ ಮಾತು ಹೆಚ್ಚಾಗಿ ಮಠಜೀವನಕ್ಕೂ ಗುರುಪದವಿಗೂ ಸೀಮಿತವಾಯಿತು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಎಲ್ಲೆಯನ್ನು ಒಡೆದು, ಚಮ್ಮಾರನ ಕೆಲಸವೂ ತಾಯಿಯ ಆರೈಕೆಯೂ ದೇವರು ಕೊಟ್ಟ ಕರೆಯೇ ಎಂದು ಬೋಧಿಸಿದನು. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ 'ಲೂಮೆನ್ ಜೆನ್ಸಿಯುಮ್' ಎಂಬ ಶಾಸನದ ಐದನೆಯ ಅಧ್ಯಾಯದಲ್ಲಿ, ಪವಿತ್ರ ಜೀವನದ ಕರೆ ಸರ್ವರಿಗೂ ಸೇರಿದ್ದೆಂದು ಸಾರಿತು.

ಸಂಕಷ್ಟಗಳ ನಡುವೆ ಕರೆಯನ್ನು ಕಾಯ್ದುಕೊಳ್ಳುವ ವಿಷಯವನ್ನು ಜನಸಾಮಾನ್ಯರಿಗೆ ಮುಟ್ಟಿಸಿದ ಪ್ರಸಿದ್ಧ ಗ್ರಂಥವೆಂದರೆ ಇಂಗ್ಲೆಂಡಿನ ಜಾನ್ ಬನ್ಯನ್ ಬರೆದ ರೂಪಕಕಥೆ. ಅದರ ಮೊದಲ ಭಾಗ 1678ರಲ್ಲಿ ಪ್ರಕಟವಾಯಿತು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ ಬನ್ಯನ್ ಸುಮಾರು ಹನ್ನೆರಡು ವರ್ಷ ಸೆರೆಯಲ್ಲಿದ್ದನು. ಈ ಕೃತಿ ಹತ್ತೊಂಬತ್ತನೆಯ ಶತಮಾನದಲ್ಲಿ 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಹಿಟ್ಲರನ ಆಡಳಿತವನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಜರ್ಮನಿಯ ಬೋಧಕ ಡೀಟ್ರಿಕ್ ಬೊನ್‌ಹಾಫರ್, ಬೆಲೆ ತೆರದೆ ಶಿಷ್ಯತ್ವವಿಲ್ಲ ಎಂಬ ವಿಚಾರವನ್ನು 1937ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರು.

ಉತ್ತರ ಕರ್ನಾಟಕದಲ್ಲಿ ಸಭೆಯ ಆರಂಭ

ಲಂಡನ್ ಮಿಶನ್ ಸಂಸ್ಥೆಯು 1810ರಲ್ಲಿ ಬಳ್ಳಾರಿಯಲ್ಲಿಯೂ 1820ರಲ್ಲಿ ಬೆಳಗಾವಿಯಲ್ಲಿಯೂ ಕೆಲಸ ಆರಂಭಿಸಿತು. ಬೆಳಗಾವಿಯ ಕಾರ್ಯವು ಮುಂದೆ 1904ರಲ್ಲಿ ಮೆಥೊಡಿಸ್ಟ್ ಸಭೆಗೆ ಹಸ್ತಾಂತರವಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್‌ನ ಮೂವರು ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. ಘಟ್ಟ ಹತ್ತಿ ಬಂದ ಆ ಸಂಸ್ಥೆ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಬಳಿಯ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆಯಿತು. ಹೀಗೆ ಇಂದಿನ ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳು ಹಾಗೂ ದೊಡವಾಡದಂಥ ಊರುಗಳು ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ ಎಂಬ ಎರಡು ಹಳೆಯ ಕ್ರೈಸ್ತ ಕೇಂದ್ರಗಳ ನಡುವೆ ಬರುತ್ತವೆ.

ಮೊದಲ ತಲೆಮಾರಿನ ಸಂಕಷ್ಟಗಳು

ದೀಕ್ಷಾಸ್ನಾನ ಪಡೆದ ಮೊದಲ ತಲೆಮಾರಿನವರಿಗೆ ಕರೆಯ ಬೆಲೆ ಕೂಡಲೇ ತಿಳಿಯುತ್ತಿತ್ತು. ಜಾತಿಯಿಂದ ಹೊರಗಾದವನಿಗೆ ಊಟ, ನೀರು, ಹೆಣ್ಣುಗಂಡು ಸಂಬಂಧ ಮತ್ತು ಕುಲಕಸುಬು ಒಟ್ಟಿಗೇ ತಪ್ಪುತ್ತಿದ್ದವು. ಪಿತ್ರಾರ್ಜಿತ ಆಸ್ತಿಯೂ ಕೈಬಿಡುವ ಸಂಭವವಿತ್ತು. 1850ರಲ್ಲಿ ಜಾರಿಗೆ ಬಂದ ಇಪ್ಪತ್ತೊಂದನೆಯ ಕಾಯಿದೆಯು, ಧರ್ಮ ಬದಲಿಸಿದ ಅಥವಾ ಜಾತಿಯಿಂದ ಹೊರಗಾದ ಕಾರಣಕ್ಕೆ ಯಾರೂ ವಾರಸಾ ಹಕ್ಕನ್ನು ಕಳೆದುಕೊಳ್ಳಬಾರದೆಂದು ವಿಧಿಸಿತು. ಕಾಗದದ ಮೇಲೆ ಹಕ್ಕು ಉಳಿದರೂ ಮನೆಯ ಬಾಗಿಲು ತೆರೆಯುವ ಶಕ್ತಿ ಕಾಯಿದೆಗೆ ಇರಲಿಲ್ಲ.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಬಾಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಬ್ರಾಹ್ಮಣ ಮನೆತನದ ಅವರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಅವರ ಪತ್ನಿ ಅವರೊಡನೆ ಬಾಳಲು ಬರಲಿಲ್ಲ. ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ನಾಡಿಗೆ ಮರಳಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಬೋಧಿಸಿದರು. ಇಲ್ಲಿ ಇನ್ನೊಂದು ಸತ್ಯವನ್ನೂ ಗಮನಿಸಬೇಕು. ಒಬ್ಬನ ಕರೆಯ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ; ಕರೆಯಲ್ಲಿ ಪಾಲಿಲ್ಲದ ಹೆಂಡತಿ, ತಾಯಿತಂದೆಯರೂ ಅದರ ನೋವಿನಲ್ಲಿ ಪಾಲುಗಾರರಾಗುತ್ತಾರೆ.

ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಲು ಬಾಸೆಲ್ ಮಿಶನ್ ನೇಯ್ಗೆ, ಮುದ್ರಣ, ಹೆಂಚು ತಯಾರಿಕೆಗಳನ್ನು ಆರಂಭಿಸಿತು. ಮಂಗಳೂರಿನ ಹೆಂಚಿನ ಕಾರ್ಖಾನೆ 1865ರಲ್ಲಿ ತೆರೆಯಿತು. ಇದರಿಂದ ಬಡ ಕುಟುಂಬಗಳು ಉಳಿದವು. ಆದರೆ ಜೀವನೋಪಾಯವೂ ಆರಾಧನೆಯೂ ಒಂದೇ ಸಂಸ್ಥೆಯ ಕೈಯಲ್ಲಿದ್ದುದರಿಂದ, ನಂಬಿದ್ದು ದೇವರನ್ನೋ ಧಣಿಯನ್ನೋ ಎಂಬ ಚುಚ್ಚುಮಾತಿಗೂ ಅವಕಾಶವಾಯಿತು. ಆ ಮಾತಿಗೆ ಉತ್ತರ ಕೊಡುವ ಕಾಲ ಮುಂದೆ ಬಂದಿತು.

ಫರ್ಡಿನೆಂಡ್ ಕಿಟ್ಟೆಲ್

ಕರೆ ತನ್ನ ರೂಪವನ್ನು ಬದಲಿಸಿಕೊಂಡರೂ ನಿಷ್ಠೆ ಉಳಿಯಬಲ್ಲದು ಎಂಬುದಕ್ಕೆ ಕಿಟ್ಟೆಲ್ ಅವರ ಬದುಕು ನಿದರ್ಶನ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಸುವಾರ್ತೆ ಸಾರಲೆಂದು 1853ರಲ್ಲಿ ಭಾರತಕ್ಕೆ ಬಂದು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮುಂತಾದೆಡೆ ಕೆಲಸ ಮಾಡಿದರು. 1862ರಲ್ಲಿ ಪ್ರಕಟವಾದ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಪದ್ಯಕ್ಕೆ ತಂದರು. 1864ರಲ್ಲಿ ಪತ್ನಿ ಪೌಲಿನಾ ತೀರಿಕೊಂಡರು. 1877ರಲ್ಲಿ ಜರ್ಮನಿಗೆ ಮರಳಿದ ಕಿಟ್ಟೆಲ್ ನಿಘಂಟಿನ ಕೆಲಸ ಪೂರೈಸಲೆಂದೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ವ್ಯಾಕರಣವನ್ನು 1903ರಲ್ಲಿ ಪ್ರಕಟಿಸಿ ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ನಿಧನರಾದರು. ಬೋಧನೆಯ ಕರೆ ಹೊತ್ತು ಬಂದವರು ಒಂದು ಭಾಷೆಯ ಪದಗಳನ್ನು ಒಂದೊಂದಾಗಿ ಆರಿಸುವುದರಲ್ಲಿ ದಶಕಗಳನ್ನು ಕಳೆದರು. ಆ ಶ್ರಮದ ಫಲ ಇಂದು ಧರ್ಮಭೇದವಿಲ್ಲದೆ ಎಲ್ಲ ಕನ್ನಡಿಗರ ಸೊತ್ತಾಗಿದೆ.

ಮೊದಲ ಮಹಾಯುದ್ಧದ ಪರೀಕ್ಷೆ

1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್‌ನ ಬಹುಪಾಲು ಬೋಧಕರು ಜರ್ಮನಿಯ ಪ್ರಜೆಗಳಾಗಿದ್ದುದರಿಂದ ಬ್ರಿಟಿಷ್ ಸರಕಾರ ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಕಳುಹಿಸಿತು. ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಎಂಬತ್ತು ವರ್ಷಗಳ ಕಾಲ ಶಾಲೆ, ದೇವಾಲಯ, ಉದ್ಯೋಗಗಳನ್ನು ನೋಡಿಕೊಂಡಿದ್ದ ಆಸರೆ ಕೆಲವೇ ವರ್ಷಗಳಲ್ಲಿ ಕಳಚಿತು. ವಿದೇಶೀ ದೊರೆಗಳು ಹೋದರೆ ಸಭೆಯೂ ಚದುರುತ್ತದೆ ಎಂಬ ಊಹೆ ಸುಳ್ಳಾಯಿತು. ಕನ್ನಡದ ಬೋಧಕರು, ಉಪದೇಶಿಗಳು, ಶಾಲಾ ಶಿಕ್ಷಕರು ಆರಾಧನೆಯನ್ನೂ ಪಾಠವನ್ನೂ ಮುಂದುವರಿಸಿದರು. ಧಣಿಯನ್ನು ನಂಬಿದವರೆಂಬ ಚುಚ್ಚುಮಾತಿಗೆ ಇದು ಮಾತಿಲ್ಲದೆ ಕೊಟ್ಟ ಉತ್ತರವಾಗಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಈ ಭಾಗದ ಬಾಸೆಲ್ ಮಿಶನ್ ಸಭೆಗಳು ಮುಂದೆ ಅದರಲ್ಲಿ ಸೇರಿದವು. ಅದರ ಉತ್ತರ ಕರ್ನಾಟಕದ ಧರ್ಮಪ್ರಾಂತದ ಕೇಂದ್ರ ಇಂದು ಧಾರವಾಡದಲ್ಲಿದೆ.

ಉತ್ತಂಗಿ ಚನ್ನಪ್ಪ

ಕರೆ ಮತ್ತು ನಾಡುನುಡಿಗಳ ನಡುವಣ ಪ್ರಶ್ನೆಗೆ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಅವರು 1881ರ ಅಕ್ಟೋಬರ್ 28ರಂದು ಧಾರವಾಡದ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೈವಜ್ಞಾನದ ಶಿಕ್ಷಣ ಪಡೆದು, ಅಂದಿನ ಅಖಂಡ ಧಾರವಾಡ ಜಿಲ್ಲೆಯ ಊರುಗಳಲ್ಲಿ ಬೋಧಕರಾಗಿ ದುಡಿದರು. ಸುವಾರ್ತೆ ಸಾರಲು ಹಳ್ಳಿಗಳಿಗೆ ಹೋದ ಅವರಿಗೆ ಅಲ್ಲಿನ ಜನರ ನಾಲಿಗೆಯ ಮೇಲಿದ್ದ ಸರ್ವಜ್ಞನ ತ್ರಿಪದಿಗಳು ಎದುರಾದವು. ಓಲೆಗರಿ, ಕಾಗದದ ಹಸ್ತಪ್ರತಿ ಮತ್ತು ಜನರ ನೆನಪುಗಳಿಂದ ಅವುಗಳನ್ನು ಕೂಡಿಸಿ, ಪಾಠ ಹೋಲಿಸಿ, ವಿಷಯವಾರು ವಿಂಗಡಿಸಿ, ಸುಮಾರು 2000 ತ್ರಿಪದಿಗಳ ಸಂಗ್ರಹವನ್ನು 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಅಧ್ಯಯನಕ್ಕೆ ಶಾಸ್ತ್ರೀಯ ತಳಹದಿ ಹಾಕಿದ ಗ್ರಂಥವಿದು.

ಬೋಧಕನೊಬ್ಬನಿಗೆ ಸರ್ವಜ್ಞನೇಕೆ, ಶಿವಶರಣರೇಕೆ ಎಂಬ ಪ್ರಶ್ನೆ ಅಂಥವರ ಮುಂದೆ ಸಹಜವಾಗಿಯೇ ಏಳುತ್ತದೆ. ಸ್ವಮತದವರು ಅವನ ವಿಶ್ವಾಸ ಸಡಿಲವಾಯಿತೆಂದು ಶಂಕಿಸಬಹುದು, ಪರಮತದವರು ಇದು ಮತಪ್ರಚಾರದ ಹೊಸ ಉಪಾಯವೆಂದು ಶಂಕಿಸಬಹುದು. ಚನ್ನಪ್ಪನವರು ಬೋಧಕ ವೃತ್ತಿಯನ್ನೂ ಬಿಡಲಿಲ್ಲ, ಸಂಶೋಧನೆಯನ್ನೂ ಬಿಡಲಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನಿಂದ ಬಂದ ವಿನಂತಿ ಎಂಬ ಅರ್ಥದ ಹೆಸರನ್ನು ಅವರು ತಮ್ಮ ಒಂದು ಕೃತಿಗೆ ಇಟ್ಟರು. ಕ್ರಿಸ್ತನು ಹುಟ್ಟಿದ ಊರು ಹಿಂದೂಗಳ ಪುಣ್ಯಕ್ಷೇತ್ರದ ಮುಂದೆ ವಾದಿಯಾಗಿ ಅಲ್ಲ, ವಿನಂತಿ ಮಾಡುವವನಾಗಿ ನಿಂತಿರುವುದೇ ಅವರ ನಿಲುವನ್ನು ತಿಳಿಸುತ್ತದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಬಗ್ಗೆ ಸಂಶಯಗಳು ಹುಟ್ಟಿದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ಮೋಳಿಗೆ ಮಾರಯ್ಯ, ಸಿದ್ಧರಾಮ, ಆದಯ್ಯ ಮುಂತಾದ ಶರಣರ ಸಾಹಿತ್ಯವನ್ನು ಸಂಪಾದಿಸಿದರು.

ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತದೊಡನೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆ ಸಮ್ಮೇಳನಕ್ಕೆ ಕನ್ನಡಿಗರು ಆರಿಸಿದ ಅಧ್ಯಕ್ಷರು ಈ ಕ್ರೈಸ್ತ ಬೋಧಕರು. 'ತಿರುಳ್ಗನ್ನಡದ ತಿರುಕ' ಎಂದು ಹೆಸರಾದ ಚನ್ನಪ್ಪನವರು 1962ರ ಆಗಸ್ಟ್ 28ರಂದು ಕ್ರೈಸ್ತರಾಗಿಯೇ ತೀರಿಕೊಂಡರು. ತನ್ನ ಕರೆಯಲ್ಲಿ ಬೇರೂರಿದವನು ಬೇರೆಯವರ ಭಕ್ತಿಯನ್ನು ಕಂಡು ಅಂಜಬೇಕಾಗಿಲ್ಲ ಎಂಬುದಕ್ಕೆ ಅವರ ಬಾಳು ಸಾಕ್ಷಿ.

ಶರಣರ ಕಾಯಕತತ್ತ್ವದೊಡನೆ ಹೋಲಿಕೆ

ದುಡಿಮೆಯನ್ನೇ ಕರೆಯೆಂದು ಕಾಣುವ ಲೂಥರನ ವಿಚಾರಕ್ಕೂ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವಕ್ಕೂ ಸಾಮ್ಯವಿದೆ. ಎರಡೂ ಕಡೆ ಕಸುಬಿನಲ್ಲಿ ಮೇಲುಕೀಳಿಲ್ಲ. ಗುರುವಿಗೂ ದುಡಿಮೆಯಿಂದ ವಿನಾಯಿತಿಯಿಲ್ಲ. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಹೇಳಿದ ಕಥೆ, ಕಾಯಕದ ನಿಷ್ಠೆ ನಿತ್ಯದ ಚಿಕ್ಕ ಸಂಗತಿಗಳಲ್ಲಿಯೇ ಪರೀಕ್ಷೆಗೊಳಗಾಗುತ್ತದೆ ಎಂಬುದನ್ನು ತೋರಿಸುತ್ತದೆ. ಚನ್ನಪ್ಪನವರು ಸಂಪಾದಿಸಿದ ಮೋಳಿಗೆ ಮಾರಯ್ಯನ ಕುರಿತು, ಆತ ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬದುಕಿದನೆಂಬ ಐತಿಹ್ಯವಿದೆ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ಕಡೆಗೆ ಹೊರಟ ಶರಣರ ನೆನಪು ಕಿತ್ತೂರು–ಬೈಲಹೊಂಗಲ ಸೀಮೆಯಲ್ಲಿ ಇನ್ನೂ ಹಸಿರಾಗಿದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿರುವ ಗಂಗಾಂಬಿಕೆಯ ಐಕ್ಯಸ್ಥಳವೂ ಅಂಥ ನೆನಪಿನ ತಾಣ.

ವ್ಯತ್ಯಾಸಗಳೂ ಇವೆ. ಕ್ರೈಸ್ತ ಪರಿಕಲ್ಪನೆಯಲ್ಲಿ ಕರೆ ಮೊದಲು ದೇವರಿಂದ ಬರುತ್ತದೆ, ಮನುಷ್ಯನ ಪ್ರಯತ್ನ ಅದಕ್ಕೆ ಉತ್ತರ ಮಾತ್ರ. ಶಿಲುಬೆಯ ಮೇಲಣ ಕ್ರಿಸ್ತನ ಮರಣ ಪುನರುತ್ಥಾನಗಳು ಅದರ ಆಧಾರ. ಕಾಯಕತತ್ತ್ವದಲ್ಲಿ ಇಷ್ಟಲಿಂಗ, ಜಂಗಮ, ದಾಸೋಹಗಳಿಗೆ ಕೇಂದ್ರಸ್ಥಾನವಿದೆ. ಹೋಲಿಕೆ ಮಾಡುವಾಗ ಎರಡನ್ನೂ ಒಂದೇ ಎಂದು ಕಲಸುವುದು ಸರಿಯಲ್ಲ. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸು ಸಭೆಯ ಗುರುಗಳು ಕಾವಿಯುಟ್ಟು, ಸಸ್ಯಾಹಾರಿಗಳಾಗಿ, ಮಠದ ಕ್ರಮದಲ್ಲಿ ಬಾಳಿದ್ದಾರೆ. ಹೊರರೂಪ ಈ ನೆಲದ್ದಾದರೂ ಒಳಗಿನ ಕರೆ ಬದಲಾಗಬೇಕಿಲ್ಲ ಎಂಬ ನಂಬಿಕೆ ಅದರ ಹಿಂದಿದೆ.

ನಿಷ್ಠೆಯನ್ನು ಪೋಷಿಸುವ ಸಾಧನಗಳು

ನಿಷ್ಠೆ ಕೇವಲ ಮನೋಬಲದಿಂದ ಉಳಿಯುವುದಿಲ್ಲ ಎಂಬುದು ಸಭೆಯ ದೀರ್ಘ ಅನುಭವ. ಅದಕ್ಕಾಗಿ ನಿತ್ಯ ಪ್ರಾರ್ಥನೆ, ಬೈಬಲ್ ವಾಚನ, ಭಾನುವಾರದ ಆರಾಧನೆ, ಪ್ರಭುಭೋಜನ, ಪಾಪನಿವೇದನೆ ಮುಂತಾದ ಕ್ರಮಗಳು ಬೆಳೆದುಬಂದಿವೆ. ಬೈಬಲ್ಲಿನ ಕೀರ್ತನೆಗಳಲ್ಲಿ ಬಹಳಷ್ಟು ಶೋಕಗೀತೆಗಳೇ ಆಗಿವೆ. ದುಃಖವನ್ನು ಅದುಮಿಡದೆ ಹಾಡಾಗಿ ಹೇಳುವುದಕ್ಕೆ ಅವು ಭಾಷೆಯನ್ನು ಒದಗಿಸುತ್ತವೆ. ರೋಗಿಗಳ ಮನೆಗೆ ಹೋಗುವುದು, ಸಾವಿನ ಮನೆಯಲ್ಲಿ ಸೇರಿ ಪ್ರಾರ್ಥಿಸುವುದು, ಕೊಯ್ಲಿನ ಬಳಿಕ ಬೆಳೆಹಬ್ಬದಲ್ಲಿ ಫಸಲನ್ನು ಅರ್ಪಿಸುವುದು ಇವೆಲ್ಲ ಒಬ್ಬನ ಹೊರೆಯನ್ನು ಹಲವರು ಹೊರುವ ವಿಧಾನಗಳು.

ಟೀಕೆ ಮತ್ತು ಇಂದಿನ ಪ್ರಶ್ನೆಗಳು

ಕರೆ ಮತ್ತು ಸಹನೆಯ ಬೋಧನೆ ದುರ್ಬಳಕೆಯಾಗುವ ಅಪಾಯವೂ ಇದೆ. ಹೊಡೆಯುವ ಗಂಡನನ್ನು ಸಹಿಸಿಕೊಳ್ಳುವುದು, ಅನ್ಯಾಯದ ಕೂಲಿಗೆ ಬಾಯಿಮುಚ್ಚಿ ದುಡಿಯುವುದು ದೇವರ ಕರೆಯೆಂದು ಉಪದೇಶಿಸಿದರೆ ಅದು ನಿಷ್ಠೆಯಾಗದು. ದಲಿತ ಮತ್ತು ಸ್ತ್ರೀವಾದಿ ದೈವಜ್ಞಾನಿಗಳು ಈ ಅಂಶವನ್ನು ಬಲವಾಗಿ ಎತ್ತಿಹಿಡಿದಿದ್ದಾರೆ. ಅವರ ಪ್ರಕಾರ ಕ್ರಿಸ್ತನ ಸಹನೆ ಅನ್ಯಾಯಕ್ಕೆ ಶರಣಾಗತಿಯಲ್ಲ, ಅದರ ವಿರುದ್ಧ ನಿಂತದ್ದರ ಪರಿಣಾಮ.

ಇಂದಿಗೂ ಕರೆಗೆ ಬೆಲೆಯಿದೆ. ಭಾರತ ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ನೀಡಿದೆ. ಆದರೆ 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ದಲಿತ ಕ್ರೈಸ್ತರು ಅದರ ಹೊರಗಿದ್ದಾರೆ. ದೀಕ್ಷಾಸ್ನಾನ ಪಡೆದರೂ ಕೇರಿಯೂ ಬಡತನವೂ ಬದಲಾಗದ ಕುಟುಂಬಕ್ಕೆ ಇದು ತತ್ತ್ವದ ಮಾತಲ್ಲ, ಮಕ್ಕಳ ಓದು ಉದ್ಯೋಗಗಳ ಮಾತು. ಇಂಥ ಮನೆಗಳಲ್ಲಿ ಮೀಸಲಾತಿಯ ಲಾಭವೋ ಬಹಿರಂಗವಾದ ವಿಶ್ವಾಸವೋ ಎಂಬ ಆಯ್ಕೆ ನಿತ್ಯದ ಸಂಕಟವಾಗಿ ಉಳಿದಿದೆ. ನೇಗಿಲ ಮೇಣಿಯ ಹೋಲಿಕೆ ಹೇಳುವ ಬೆಲೆಯನ್ನು ಅವರು ಇಂದಿಗೂ ತೆರುತ್ತಿದ್ದಾರೆ.